ಉಸಿರು ನೋಡು ಅಂದರೆ ಉಸಿರೇ ಕಟ್ಟುತ್ತದೆ: ಧ್ಯಾನವೂ ಗೊತ್ತಿರುವ ಥೆರಪಿಸ್ಟ್ ಸಿಗುತ್ತಾರಾ?

ಕಾವೇರಿ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 41. ಮೈಸೂರು. ಬ್ಯಾಂಕ್ ಕೆಲಸ. ಎರಡು ವರ್ಷದ ಹಿಂದೆ ಅಪ್ಪ ಹೋದರು. ಶ್ವಾಸಕೋಶದ ಕಾಯಿಲೆ. ಕೊನೆಯ ಎಂಟು ರಾತ್ರಿ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದವಳು ನಾನೇ. ಒಂದು ಉಸಿರು ಹೊರಗೆ ಹೋಯಿತು, ಇನ್ನೊಂದು ಒಳಗೆ ಬರುತ್ತದೋ ಇಲ್ಲವೋ. ಅದನ್ನೇ ಎಣಿಸುತ್ತಾ ಕೂರುತ್ತಿದ್ದೆ. ಒಂದು, ಎರಡು, ಮೂರು. ಕೆಲವು ಸಲ ಹನ್ನೊಂದರವರೆಗೂ ಹೋಗುತ್ತಿತ್ತು.

ಅವರು ಹೋಗಿ ಹದಿನೈದು ದಿನದೊಳಗೆ ಮೂರು ಜನ ಬಂದು ಸಾವಿಲ್ಲದ ಮನೆಯ ಸಾಸಿವೆ ಕಥೆ ಹೇಳಿದರು. ಕಾಫಿ ಕುಡಿದು ಹೋದರು. ಆಮೇಲೆ ಯಾರೋ ಬೌದ್ಧ ಧ್ಯಾನದ ಒಂದು ಮೌನ ಶಿಬಿರಕ್ಕೆ ಹೋಗು, ಮನಸ್ಸು ಹಗುರ ಆಗುತ್ತೆ ಅಂದರು. ಯಾವ ಶಿಬಿರ ಅಂತ ಹೇಳುವುದಿಲ್ಲ, ಅವರ ತಪ್ಪೇನೂ ಇಲ್ಲ. ಫಾರಂನಲ್ಲಿ ಮಾನಸಿಕ ತೊಂದರೆ ಏನಾದರೂ ಇದೆಯಾ ಅಂತ ಸ್ಪಷ್ಟವಾಗಿ ಕೇಳಿದ್ದರು. ಅಷ್ಟೊತ್ತಿಗಾಗಲೇ ನಾನು ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದೆ, ಎದೆ ಡವಡವ ಅನ್ನುತ್ತಿತ್ತು. ಆದರೂ 'ಇಲ್ಲ' ಅಂತ ಟಿಕ್ ಹಾಕಿದೆ. ನಿಜ ಬರೆದರೆ ಸೀಟು ಸಿಗಲ್ಲ ಅಂತ ಭಯ.

ಮೊದಲ ದಿನದಿಂದಲೇ ಉಸಿರಿನ ಮೇಲೆ ಗಮನ. ಎರಡನೇ ದಿನ ಸಂಜೆ ಒಂದು ವಿಷಯ ಗೊತ್ತಾಯಿತು. ನಾನು ನೋಡುತ್ತಿದ್ದದ್ದು ನನ್ನ ಉಸಿರನ್ನಲ್ಲ, ಅಪ್ಪನದ್ದನ್ನು. ಯಾರೂ ಹೇಳದಿದ್ದರೂ ಎಣಿಸೋಕೆ ಶುರು ಮಾಡಿದ್ದೆ. ಮೂರನೇ ದಿನ ಬೆಳಗಿನ ಜಾವ ಹಾಲ್‌ನಲ್ಲಿ ಎದೆ ಹಿಡಿದುಕೊಂಡಿತು. ಕೈಕಾಲು ತಣ್ಣಗಾದವು. ಅಷ್ಟು ಜನರ ಮಧ್ಯೆ ಎದ್ದು ಹೊರಗೆ ಓಡಿದೆ, ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಮಾರನೇ ದಿನ ಬಸ್ಸು ಹತ್ತಿ ಮನೆಗೆ ಬಂದೆ.

ಆಮೇಲೆ ಆನ್‌ಲೈನ್‌ನಲ್ಲಿ ಒಬ್ಬ ಕೌನ್ಸೆಲರ್ ಹತ್ತಿರ ಮಾತಾಡಿದೆ. ಒಳ್ಳೆಯವರೇ. ಆದರೆ ಶಿಬಿರದ ಮಾತು ತೆಗೆದ ತಕ್ಷಣ "ಅದೆಲ್ಲಾ ಬಿಟ್ಟುಬಿಡಿ ಮೇಡಂ" ಅಂದರು. ಮುಂದಿನ ವಾರ ಅವರೇ ಒಂದು ಉಸಿರಾಟದ ಆಡಿಯೊ ಕಳಿಸಿದರು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ವಿಚಿತ್ರ ಅಂದರೆ ನನಗೆ ಧ್ಯಾನ ಬಿಡಲು ಮನಸ್ಸಿಲ್ಲ. ಮೊದಲ ದಿನ ಮಧ್ಯಾಹ್ನ ಒಂದು ಇಪ್ಪತ್ತು ನಿಮಿಷ ತಲೆಯೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಅಪ್ಪ ಹೋದಮೇಲೆ ಅದೇ ಮೊದಲು. ಅದು ಬೇಕು. ಥೆರಪಿಯೂ ಬೇಕು. ಎರಡೂ ಗೊತ್ತಿರುವವರು ಇದ್ದಾರಾ? ಮೈಸೂರು, ಬೆಂಗಳೂರು, ಆನ್‌ಲೈನ್, ಯಾವುದಾದರೂ ಸರಿ. ಕನ್ನಡದವರಾದರೆ ತುಂಬ ಒಳ್ಳೆಯದು. ಅಪ್ಪನ ಬಗ್ಗೆ ಇಂಗ್ಲಿಷ್‌ನಲ್ಲಿ ಅಳೋಕೆ ನನಗೆ ಬರಲ್ಲ.

ಉಪ್ಪಿನಕಾಯಿ ಭರಣಿ

ಮೇಡಂ, ಮೊದಲು ಅಪ್ಪನ ವಿಷಯಕ್ಕೆ ನಿಜವಾಗಿಯೂ ಬೇಸರವಾಯಿತು. ಎಂಟು ರಾತ್ರಿ ಅನ್ನುವುದು ಸಣ್ಣ ಮಾತಲ್ಲ.

ಹುಡುಕುವಾಗ ಒಂದು ಎಚ್ಚರಿಕೆ. ಈಗ ಎಲ್ಲರ ಪ್ರೊಫೈಲ್‌ನಲ್ಲೂ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ, ಇದೆ. ನಾನು ಹೋದ ವರ್ಷ ಹುಡುಕಿದಾಗ ಒಬ್ಬರದ್ದು ಹೀಗಿತ್ತು: ಸಿಬಿಟಿ, ಮೈಂಡ್‌ಫುಲ್‌ನೆಸ್, ರೇಕಿ, ಟ್ಯಾರೋ, ನ್ಯೂಮರಾಲಜಿ, ದಂಪತಿ ಸಲಹೆ. ಹೈವೇ ಪಕ್ಕದ ಹೋಟೆಲ್ ಬೋರ್ಡ್ ನೆನಪಾಯಿತು. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ತಂದೂರಿ. ಅಂಥ ಕಡೆ ಇಡ್ಲಿ ಕೂಡ ಚೆನ್ನಾಗಿರಲ್ಲ.

ಮೂರನೇ ಬೆಂಚು

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಇಲ್ಲಿ ನನ್ನ ಹೆಸರು, ಊರು ಹೇಳುವುದಿಲ್ಲ, ಕ್ಲೈಂಟ್ ಹುಡುಕೋಕೆ ಬಂದಿಲ್ಲ.

ಕಾವೇರಿ ಅವರೇ, ಹುಡುಕುವುದಕ್ಕೂ ಮುಂಚೆ ಎರಡು ಕೆಲಸ. ಉಸಿರಿನ ಧ್ಯಾನ ಸದ್ಯಕ್ಕೆ ನಿಲ್ಲಿಸಿ. ಸೋತಿರಿ ಅಂತಲ್ಲ. ನಿಮ್ಮ ಮೈಗೆ ಉಸಿರು ಅಂದರೆ ಆ ಎಂಟು ರಾತ್ರಿ. ಕಾಲು ಮುರಿದವರಿಗೆ ಓಡು ಅನ್ನುವುದಿಲ್ಲ ಅಲ್ವಾ, ಹಾಗೆ. ಇನ್ನೊಂದು, ಒಬ್ಬ ಡಾಕ್ಟರ್ ಹತ್ತಿರ ಹೋಗಿ ಥೈರಾಯ್ಡ್, ಇಸಿಜಿ ನೋಡಿಸಿಕೊಳ್ಳಿ. ಎದೆ ಡವಡವ ಅನ್ನುವುದೆಲ್ಲಾ ಮನಸ್ಸಿನದ್ದೇ ಆಗಿರಬೇಕೆಂದಿಲ್ಲ.

ಈಗ ಹುಡುಕಾಟ. 'ಬೌದ್ಧ ಥೆರಪಿಸ್ಟ್' ಅನ್ನುವ ಲೈಸೆನ್ಸ್ ನಮ್ಮಲ್ಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಳ್ಳಬೇಕಾದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ತರಬೇತಿ ಪಡೆದ ಎರಡು ವರ್ಷದ ಎಂ.ಫಿಲ್. ಇರುತ್ತದೆ. ಅವರಿಗೊಂದು ನಂಬರ್ ಇರುತ್ತದೆ. ಕೇಳಿ, ಕೊಡುತ್ತಾರೆ. ಆರ್‌ಸಿಐ ಜಾಲತಾಣದಲ್ಲಿ ನೀವೇ ಹಾಕಿ ನೋಡಬಹುದು. ಕೌನ್ಸೆಲರ್ ಅನ್ನುವ ಹೆಸರಿಗೆ ಅಷ್ಟು ಬಿಗಿ ಇಲ್ಲ. ಎಂ.ಎಸ್ಸಿ. ಮಾಡಿ ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಕಲಿತ ತುಂಬ ಒಳ್ಳೆಯ ಕೌನ್ಸೆಲರ್‌ಗಳಿದ್ದಾರೆ. ಆರು ವಾರದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಬೋರ್ಡ್ ನೋಡಿ ಯಾರು ಯಾರು ಅಂತ ಗೊತ್ತಾಗಲ್ಲ.

ಧ್ಯಾನ ಚಿಕಿತ್ಸೆಯೊಳಗೆ ಬಂದ ದಾರಿಗಳು ಬೇರೆ ಬೇರೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಒತ್ತಡ ಇಳಿಸುವ ಒಂದು ಧ್ಯಾನದ ಕಾರ್ಯಕ್ರಮ ಶುರು ಮಾಡಿದರು. ಈಗ ಎಂಬಿಎಸ್‌ಆರ್ ಅಂತಾರೆ. ವಾಸಿಯಾಗದ ನೋವಿನ ರೋಗಿಗಳಿಗೆ ಅಂತ ಶುರುವಾದದ್ದು. ಬುದ್ಧನ ಹೆಸರು ತೆಗೆದಿಟ್ಟು ಅಭ್ಯಾಸ ಮಾತ್ರ ಉಳಿಸಿಕೊಂಡರು. ಆಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅನ್ನುವ ಮೂವರು ಅದನ್ನು ಖಿನ್ನತೆಯ ಚಿಕಿತ್ಸೆ ಜೊತೆ ಸೇರಿಸಿದರು. ಅದು ಎಂಬಿಸಿಟಿ. ಪದೇಪದೇ ಖಿನ್ನತೆಗೆ ಬೀಳುವವರು ಮತ್ತೆ ಬೀಳದಿರಲಿ ಅಂತ ಅದರ ಉದ್ದೇಶ. 2015ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 424 ಜನರ ಅಧ್ಯಯನ ಬಂತು. ಎರಡು ವರ್ಷದಲ್ಲಿ ಎಂಬಿಸಿಟಿ ಗುಂಪಿನಲ್ಲಿ ಶೇ. 44, ಮಾತ್ರೆ ಮುಂದುವರಿಸಿದ ಗುಂಪಿನಲ್ಲಿ ಶೇ. 47 ಜನಕ್ಕೆ ಖಿನ್ನತೆ ಮರುಕಳಿಸಿತ್ತು. ಅಂದರೆ ಹೆಚ್ಚುಕಡಿಮೆ ಒಂದೇ. ಮಾತ್ರೆಯಷ್ಟೇ ಕೆಲಸ ಮಾಡಿತು ಅಂತ ಖುಷಿಪಡಿ, ಪವಾಡ ಅಂತ ತಿಳಿಯಬೇಡಿ. ತೀವ್ರ ಭಾವನೆಗಳಲ್ಲಿ ಒದ್ದಾಡುವವರಿಗೆ ಮಾರ್ಶಾ ಲೈನ್‌ಹ್ಯಾನ್ ಕಟ್ಟಿದ ಡಿಬಿಟಿ ಅನ್ನುವ ಚಿಕಿತ್ಸೆ ಇದೆ, ಅವರು ಜೆನ್ ಅನ್ನುವ ಬೌದ್ಧ ಪಂಥದ ಧ್ಯಾನ ಅಭ್ಯಾಸ ಮಾಡಿದವರು.

ಆದರೆ ಇವು ಯಾವುವೂ ನೇರವಾಗಿ ನಿಮ್ಮ ತೊಂದರೆಗಲ್ಲ. ನೀವು ಬರೆದದ್ದು ಓದಿದರೆ ದುಃಖ ಮತ್ತು ಆಘಾತ ಎರಡೂ ಇವೆ ಅನಿಸುತ್ತದೆ. ನೋಡದೆ ಹೇಳುವುದು ತಪ್ಪು, ಹಾಗಾಗಿ ಇಲ್ಲಿಗೇ ನಿಲ್ಲಿಸುತ್ತೇನೆ. ದುಃಖ, ಆಘಾತ ಎರಡರಲ್ಲೂ ಪಳಗಿದ ಕೈ ಬೇಕು ನಿಮಗೆ. ಆ ಕೈಗೆ ಧ್ಯಾನವೂ ಗೊತ್ತಿದ್ದರೆ ಲಾಭ. ತಿರುಗಾಮುರುಗಾ ಮಾಡಿ ಧ್ಯಾನ ಗೊತ್ತಿರುವವರಿಗೆ ಥೆರಪಿಯೂ ಸ್ವಲ್ಪ ಬರುತ್ತದಾ ಅಂತ ಹುಡುಕಬೇಡಿ.

ಫೋನ್ ಮಾಡಿದಾಗ ಕೇಳಬೇಕಾದದ್ದು ಒಂದೇ ಪ್ರಶ್ನೆ ಅಂದರೆ ನಾನು ಇದನ್ನು ಆರಿಸುತ್ತೇನೆ: "ಧ್ಯಾನಕ್ಕೆ ಕೂತಾಗ ನನಗೆ ಪ್ಯಾನಿಕ್ ಆದರೆ ನೀವು ಏನು ಮಾಡುತ್ತೀರಿ?" ಅಭ್ಯಾಸ ಮುಂದುವರಿಸಿ, ಹೋಗುತ್ತೆ ಅಂದರೆ ಫೋನ್ ಇಡಿ. ಧ್ಯಾನವೇ ಬೇಡ ಅಂದರೂ ಇಡಬಹುದು.

ಹಳೇ ಸಾಧಕ

ತಂಗಿ, ನಾನು ನಿವೃತ್ತ ಮೇಷ್ಟ್ರು. 1990ರ ದಶಕದಿಂದ ಕೂರುತ್ತಿದ್ದೇನೆ. ಮೊದಲ ಶಿಬಿರ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ, ವಿಪಸ್ಸನ ಗುರು ಗೋಯೆಂಕಾಜಿಯವರ ಪದ್ಧತಿ. ಬೆಳಗ್ಗೆ ನಾಲ್ಕಕ್ಕೆ ಗಂಟೆ, ಹನ್ನೊಂದಕ್ಕೆ ಊಟ, ಸಂಜೆ ಚಹಾ, ಹಣ್ಣು. ಫೀಸು ಇಲ್ಲ. ನನ್ನ ಬದುಕಿಗೆ ಅದು ದೊಡ್ಡ ಉಪಕಾರ ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ.

ಆದರೂ ಹೇಳುತ್ತೇನೆ, ಶಿಬಿರ ಆಸ್ಪತ್ರೆಯಲ್ಲ. ನೂರು ಜನ ಕೂತ ಹಾಲ್‌ನಲ್ಲಿ ಒಬ್ಬೊಬ್ಬರ ಅಪ್ಪನ ಕಥೆ ಯಾರು ಕೇಳೋಕಾಗುತ್ತೆ? ಅದಕ್ಕೇ ಫಾರಂನಲ್ಲಿ ಕೇಳುವುದು. ನೀನು ಸುಳ್ಳು ಬರೆದೆ ಅಂತ ಬೈಯುವುದಿಲ್ಲ. ನಾನೂ ಬಿಪಿ ಇಲ್ಲ ಅಂತ ಬರೆದಿದ್ದೆ.

ಮೂರನೇ ಬೆಂಚು ಮೇಡಂ ಹೇಳಿದ್ದನ್ನು ನಮ್ಮ ಹಳೇ ಗ್ರಂಥಗಳೂ ಹೇಳುತ್ತವೆ. ವೈಶಾಲಿಯಲ್ಲಿ ಒಮ್ಮೆ ಬುದ್ಧ ಭಿಕ್ಷುಗಳಿಗೆ ದೇಹದ ಹೊಲಸನ್ನು ನೆನೆಯುವ ಧ್ಯಾನ ಹೇಳಿ ಹದಿನೈದು ದಿನ ಏಕಾಂತಕ್ಕೆ ಹೋದ. ಬಂದು ನೋಡಿದರೆ ಸಂಘ ತೆಳುವಾಗಿದೆ. ಮೈ ಮೇಲೆ ಜಿಗುಪ್ಸೆ ಬಂದು ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದರು. ಆಗ ಬುದ್ಧ 'ಬಿಡದೆ ಮಾಡಿ' ಅನ್ನಲಿಲ್ಲ. ಎಲ್ಲರನ್ನೂ ಸೇರಿಸಿ ಬೇರೆ ಧ್ಯಾನ ಹೇಳಿಕೊಟ್ಟ. ಬುದ್ಧನ ಉಪದೇಶಗಳ ಸಂಗ್ರಹ ಸಂಯುತ್ತ ನಿಕಾಯದಲ್ಲಿದೆ. ತಮಾಷೆ ಏನೆಂದರೆ ಆಗ ಕೊಟ್ಟದ್ದು ಉಸಿರಿನ ಧ್ಯಾನ! ಅವರಿಗೆ ಉಸಿರು ಔಷಧಿ, ನಿನಗೆ ಉಸಿರೇ ಗಾಯ.

ವಿಸುದ್ಧಿಮಗ್ಗ ಅನ್ನುವ ಹಳೇ ಪಾಳಿ ಗ್ರಂಥದಲ್ಲಿ ಧ್ಯಾನಕ್ಕೆ 40 ವಸ್ತುಗಳ ಪಟ್ಟಿ ಇದೆ. ಕಮ್ಮಟ್ಠಾನ ಅಂತಾರೆ. ಕೋಪಿಷ್ಠರಿಗೆ ಒಂದು, ಆಸೆಬುರುಕರಿಗೆ ಒಂದು, ಯೋಚನೆ ಜಾಸ್ತಿ ಇರುವವರಿಗೆ ಇನ್ನೊಂದು. ಮಣ್ಣಿನ ಬಿಲ್ಲೆ ನೋಡುತ್ತಾ ಕೂರುವುದೂ ಇದೆ, ಎಲ್ಲರಿಗೂ ಒಳ್ಳೆಯದಾಗಲಿ ಅಂತ ಹಾರೈಸುವ ಮೈತ್ರಿಯೂ ಇದೆ. ಎಲ್ಲರಿಗೂ ಒಂದೇ ಗುಳಿಗೆ ಕೊಡುವುದು ನಮ್ಮ ಕಾಲದ ಅವಸರ.

ತೊಗರಿ ನಾಡು

ಜೈ ಭೀಮ್. ನಾನು ಕಲಬುರಗಿ ಕಡೆಯವನು, ಬೌದ್ಧ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡಾಗ ನಮ್ಮ ಅಜ್ಜ ಅಲ್ಲಿದ್ದರಂತೆ. ಲಾರಿಯಲ್ಲಿ ಹೋಗಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ.

ಮೈಂಡ್‌ಫುಲ್‌ನೆಸ್ ಅಂದ ತಕ್ಷಣ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಶೀಲ ಬಿಟ್ಟು, ಕರುಣೆ ಬಿಟ್ಟು, ಸಂಘ ಬಿಟ್ಟು ಬರೀ ಗಮನ ಅಂತ ಮಾರುತ್ತಾರೆ. ಆಫೀಸಿನಲ್ಲಿ ನನಗೂ ಒಮ್ಮೆ ಈ ಟ್ರೇನಿಂಗ್ ಕೊಟ್ಟರು. ಮ್ಯಾನೇಜರ್ ಜಾತಿ ಹಿಡಿದು ಮಾತಾಡಿದ ವಾರವೇ. ಕಣ್ಣು ಮುಚ್ಚಿ, ಯೋಚನೆಗಳನ್ನು ಮೋಡದ ಹಾಗೆ ನೋಡಿ ಅಂದರು. ಮೋಡ ಅಲ್ಲ ಸರ್ ಅದು, ಮನುಷ್ಯ, ಪಕ್ಕದ ಕ್ಯಾಬಿನ್‌ನಲ್ಲೇ ಕೂತಿದ್ದಾನೆ ಅಂತ ಹೇಳಬೇಕು ಅನಿಸಿತು. ಹೇಳಲಿಲ್ಲ.

ಆಮೇಲೆ ಥೆರಪಿಗೆ ಹೋದಾಗ ನನ್ನ ಮೊದಲ ಪ್ರಶ್ನೆ ಧ್ಯಾನದ್ದಲ್ಲ. ಜಾತಿಯ ವಿಷಯ ನಿಮ್ಮ ಹತ್ತಿರ ಮಾತಾಡಬಹುದಾ ಅಂತ ಕೇಳಿದೆ. ಒಬ್ಬರು "ಈಗೆಲ್ಲಾ ಎಲ್ಲಿದೆ ಜಾತಿ" ಅಂದರು. ಇನ್ನೊಬ್ಬರು ಒಂದು ನಿಮಿಷ ಸುಮ್ನೆ ಇದ್ದು, "ನನಗೆ ಅದರ ಅನುಭವ ಇಲ್ಲ, ಆದರೆ ಕೇಳುತ್ತೇನೆ, ತಪ್ಪಿದರೆ ತಿದ್ದಿ" ಅಂದರು. ಅವರ ಹತ್ತಿರ ಒಂದೂವರೆ ವರ್ಷ ಹೋದೆ. ಅವರಿಗೆ ಬೌದ್ಧ ಧರ್ಮದ ಗಂಧ ಗಾಳಿ ಇರಲಿಲ್ಲ. ಸಂಜೆ ಮನೆಯಲ್ಲಿ ವಂದನೆ, ಮೈತ್ರಿ ಧ್ಯಾನ ನಾನೇ ಮಾಡಿಕೊಳ್ಳುತ್ತಿದ್ದೆ. ಎರಡೂ ಒಬ್ಬರೇ ಕೊಡಬೇಕು ಅಂತ ಯಾಕೆ? ಅಂಗಡಿ ಎರಡಾದರೂ ಚೀಲ ಒಂದೇ ತಾನೇ.

ಉಪ್ಪಿನಕಾಯಿ ಭರಣಿ

ತೊಗರಿ ಅಣ್ಣಾ, ಪಕ್ಕದ ಕ್ಯಾಬಿನ್ ಮಾತು ಓದಿ ಚಹಾ ಕೈಯಲ್ಲೇ ಉಳಿಯಿತು.

ಇನ್ನೊಂದು ತಲೆಹರಟೆ. ಮೈಂಡ್‌ಫುಲ್‌ನೆಸ್‌ಗೆ ಕನ್ನಡ ಏನು? ಎಲ್ಲೋ 'ಸಾವಧಾನತೆ' ಅಂತ ಓದಿದೆ. ನಮಗೆ ಸಾವಧಾನ ಅಂದರೆ ಮದುವೆ ಮಂಟಪದಲ್ಲಿ ಪುರೋಹಿತರು ಅಂತರಪಟ ಹಿಡಿಸಿ ಕೂಗುವುದು. ಅಷ್ಟು ಸಲ ಎಚ್ಚರಿಕೆ ಕೊಟ್ಟರೂ ಯಾರೂ ಓಡಿಹೋಗಲ್ಲ.

ಹಳೇ ಸಾಧಕ

ಪಾಳಿಯಲ್ಲಿ 'ಸತಿ'. ಸಂಸ್ಕೃತದ ಸ್ಮೃತಿ. ಮೂಲ ಅರ್ಥ ನೆನಪು. ಮಾಡುತ್ತಿರುವುದು ಮರೆಯದೆ ಇರುವುದು. ನಮ್ಮ ವಚನಕಾರರ 'ಅರಿವು' ಇದೆಯಲ್ಲ, ನನಗೆ ಅದೇ ಹತ್ತಿರ ಅನಿಸುತ್ತದೆ. ಪಂಡಿತರು ಒಪ್ಪಲಿಕ್ಕಿಲ್ಲ.

ಟೊರಾಂಟೊ ಚಳಿ

ಹಾಸನದವನು, ಕೆನಡಾದಲ್ಲಿ ಒಂಬತ್ತು ವರ್ಷ. ಮೂರು ಸಲ ಖಿನ್ನತೆ ಬಂದು ಹೋದಮೇಲೆ ಇಲ್ಲಿ ಎಂಬಿಸಿಟಿ ಗುಂಪಿಗೆ ಸೇರಿದೆ. ಅದನ್ನು ಕಟ್ಟಿದ ಮೂವರಲ್ಲಿ ಸೀಗಲ್ ಇದೇ ಊರಿನ ವಿಶ್ವವಿದ್ಯಾಲಯದವರು, ಹಾಗಾಗಿ ಇಲ್ಲಿ ಗುಂಪು ಸಿಗುವುದು ಕಷ್ಟವಲ್ಲ.

ಮೊದಲ ದಿನ ಒಂದು ಒಣದ್ರಾಕ್ಷಿ ಕೊಟ್ಟರು. ನೋಡಿ, ಮೂಸಿ, ನಾಲಿಗೆ ಮೇಲಿಡಿ, ಈಗಲೇ ಅಗಿಯಬೇಡಿ ಅಂತ. ಹತ್ತು ನಿಮಿಷ ಒಂದು ದ್ರಾಕ್ಷಿಗೆ! ನನಗೆ ಅಜ್ಜಿ ಮನೆ ಕೇಸರಿಬಾತು ನೆನಪಾಗಿ ಕಣ್ಣೀರು ಬಂತು, ಟ್ರೇನರ್ ಗಾಬರಿಯಾಗಲಿಲ್ಲ. "ಮನಸ್ಸು ಎಲ್ಲಿಗೆ ಹೋಯಿತು?" ಅಂತ ಮಾತ್ರ ಕೇಳಿದರು. ಕೇಸರಿಬಾತಿಗೆ ಅಂತ ಹೇಳಿ ಅದೇನು ಅಂತ ವಿವರಿಸುವುದರೊಳಗೆ ಸಮಯ ಮುಗಿಯಿತು.

ನಿಜ ಹೇಳಬೇಕಂದರೆ ಗುಂಪಿನಲ್ಲಿ ಕಲಿತ ಅಭ್ಯಾಸ ಉಪಯೋಗಕ್ಕೆ ಬಂತು, ಆದರೆ ಒಳಗಿನದ್ದು ಹೊರಬಂದದ್ದು ಊರಿನ ಒಬ್ಬರ ಹತ್ತಿರ ಕನ್ನಡದಲ್ಲಿ ಮಾತಾಡಿದಾಗ. ಒಂಟಾರಿಯೊದಲ್ಲಿ ಸೈಕೋಥೆರಪಿಸ್ಟ್‌ಗಳಿಗೆ ನೋಂದಣಿ ಕಡ್ಡಾಯ, ಆ ಕಡೆಯಿಂದ ನೆಮ್ಮದಿ. ಆದರೆ ನೋಂದಣಿ ಪುಸ್ತಕದಲ್ಲಿ ಕನ್ನಡದವರನ್ನು ಹುಡುಕಿ ನೋಡಿ ಗೊತ್ತಾಗುತ್ತೆ.

ಕುಶಾಲನಗರ ಪೋಸ್ಟ್

ನಮ್ಮ ಮನೆಯಿಂದ ಬೈಲಕುಪ್ಪೆ ಹತ್ತಿರ. ಟಿಬೆಟನ್ನರು 1960ರ ದಶಕದ ಶುರುವಿನಿಂದ ಇಲ್ಲಿದ್ದಾರೆ. ಪ್ರವಾಸಿಗಳೆಲ್ಲ ಚಿನ್ನದ ಬಣ್ಣದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ಮೊಮೊ ತಿಂದು ಹೋಗುತ್ತಾರೆ. ಕೆಲವರು ಮಾತ್ರ ಲಾಮಾಗಳ ಹತ್ತಿರ ಕಷ್ಟ ಹೇಳಿಕೊಳ್ಳೋಕೆ ಬರುತ್ತಾರೆ. ನಾನೂ ಒಮ್ಮೆ ಅದೇ ಕೆಲಸ ಮಾಡಿದೆ.

ಆಗ ನಾನು ಯೂಟ್ಯೂಬ್ ನೋಡಿಕೊಂಡು ದಿನಕ್ಕೆ ನಾಲ್ಕು ಗಂಟೆ ಕೂರುತ್ತಿದ್ದೆ. ನಿದ್ದೆ ಹೋಯಿತು, ಎದೆಯಲ್ಲಿ ಬಿಗಿ, ಸುಮ್ಸುಮ್ನೆ ಅಳು. ಪರಿಚಯದ ಒಬ್ಬ ವಯಸ್ಸಾದ ಭಿಕ್ಷುವಿಗೆ ಹೇಳಿದೆ. ದೊಡ್ಡ ಉಪದೇಶ ಬರುತ್ತೆ ಅಂದುಕೊಂಡಿದ್ದೆ. ಅವರು ಹರಕು ಕನ್ನಡದಲ್ಲಿ "ಊಟ ಎಷ್ಟೊತ್ತಿಗೆ?" ಅಂತ ಕೇಳಿದರು. ಅವರ ವೈದ್ಯದಲ್ಲಿ ಇದಕ್ಕೊಂದು ಹೆಸರಿದೆ, 'ಲುಂಗ್'. ಗಾಳಿ ಅಂತ ಅರ್ಥ. ನಮ್ಮ ವಾತ ಇದ್ದ ಹಾಗೆ. ಬಲವಂತವಾಗಿ ಧ್ಯಾನ ಮಾಡಿದರೆ ಕೆರಳುತ್ತದಂತೆ. ಬಿಸಿ ಸಾರು, ಎಣ್ಣೆ ತುಪ್ಪದ ಊಟ, ನಿದ್ದೆ, ಜನರ ಜೊತೆ ಹರಟೆ. ಕೂರುವುದು ಬಂದ್. ಕೊನೆಗೆ "ಹೋಗಲಿಲ್ಲ ಅಂದರೆ ಡಾಕ್ಟರ್" ಅಂದರು.

ಹೋಗಲಿಲ್ಲ. ಡಾಕ್ಟರ್ ಹತ್ತಿರ ಹೋದೆ. ಎಂಟು ತಿಂಗಳು ಮಾತ್ರೆ ತಗೊಂಡೆ. ಹೇಳೋಕೆ ನಾಚಿಕೆ ಏನಿಲ್ಲ.

ಗಿರ್ಮಿಟ್ ಹುಬ್ಬಳ್ಳಿ

ಎಲ್ಲಾರೂ ಚಂದ ಬರೆದೀರಿ. ಆದರೆ ಈ ಥೆರಪಿ ಅಂದರೆ ವಾರಕ್ಕೊಮ್ಮೆ ಸಾವಿರಗಟ್ಟಲೆ ಅಲ್ಲೇನ್ರೀ? ನಾನು ಖಾಸಗಿ ಶಾಲೆಯಲ್ಲಿ ಮಾಸ್ತರ. ಪಗಾರ ಹೇಳಿದರೆ ನಗುತ್ತೀರಿ. ನನಗೂ ಹೆಚ್ಚುಕಡಿಮೆ ಇದೇ ತ್ರಾಸು, ಅವ್ವ ತೀರಿಕೊಂಡ ಮೇಲೆ. ನಮ್ಮಂಥವರು ಎಲ್ಲಿ ಹೋಗಬೇಕು?

ಮೂರನೇ ಬೆಂಚು

ಗಿರ್ಮಿಟ್ ಅವರೇ, ನಿಮ್ಮ ಪಕ್ಕದಲ್ಲೇ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಅಲ್ಲಿ ಮನೋವೈದ್ಯರು ಮಾತ್ರವಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳೂ ಇದ್ದಾರೆ. ಬೆಳಗ್ಗೆ ಬೇಗ ಹೋಗಿ, ಒಪಿಡಿ ಚೀಟಿಗೆ ಕ್ಯೂ ಇರುತ್ತದೆ. ಊರಿಂದ ಹೊರಗಿರುವವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ. ಬರುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಜಿಲ್ಲೆಗಳಿಗೆ ಮಾನಸಿಕ ಆರೋಗ್ಯ ಸೇವೆ ಒಯ್ಯುವ ಮಾದರಿ ಮೊದಲು ರೂಪಗೊಂಡದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ. ನಿಮ್ಹಾನ್ಸ್‌ನವರು ಮಾಡಿದ್ದು. ದೇಶವೆಲ್ಲ ಆಮೇಲೆ ಕಲಿಯಿತು.

ರಾತ್ರಿ ತಡೆಯೋಕಾಗದಿದ್ದರೆ 14416, ಟೆಲಿ ಮಾನಸ್. 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅದು ವಾರವಾರದ ಥೆರಪಿಯಲ್ಲ. ಆ ರಾತ್ರಿ ದಾಟೋಕೆ ಮತ್ತು ಮುಂದೆ ಎಲ್ಲಿ ಹೋಗಬೇಕು ಅಂತ ಕೇಳೋಕೆ. ಇದು ಎಲ್ಲರಿಗೂ ಹೇಳಿದ್ದು.

ಬೆಂಗಳೂರಿನವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದ್ದೇ ಯೋಗಕ್ಷೇಮ ಕೇಂದ್ರ ಇದೆ. ದೊಡ್ಡಾಸ್ಪತ್ರೆಗೆ ಹೋಗೋಕೆ ಮುಜುಗರ ಅನ್ನುವವರು ಅಲ್ಲಿಗೆ ಹೋಗಬಹುದು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಬಹುದು. ಅಲ್ಲಿ ಹೋಗಿ ಬೌದ್ಧ ಧ್ಯಾನ ಅಂತ ಕೇಳಬೇಡಿ ಅಷ್ಟೇ. ಸಂಕಟ ಹೇಳಿ. ಧ್ಯಾನ ಮಾಡುತ್ತೇನೆ, ಹೀಗಾಯಿತು ಅಂತಲೂ ಹೇಳಿ. ಮುಚ್ಚಿಡಬೇಡಿ.

ಕಾವೇರಿ ದಂಡೆ

ಎಲ್ಲರದ್ದೂ ಎರಡೆರಡು ಸಲ ಓದಿದೆ. ಹಳೇ ಸಾಧಕ ಸರ್, ನೀವು ತಂಗಿ ಅಂದದ್ದಕ್ಕೆ ಸಂತೋಷವಾಯಿತು. ಮೂರನೇ ಬೆಂಚು ಮೇಡಂ ಹೇಳಿದ ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಥೈರಾಯ್ಡ್, ಇಸಿಜಿ ಎರಡೂ ಸರಿ ಇವೆ. ಫೋನ್ ಮಾಡೋಕೆ ಶುರು ಮಾಡುತ್ತೇನೆ. ಆದದ್ದು ಬಂದು ಹೇಳುತ್ತೇನೆ.

ಕಾವೇರಿ ದಂಡೆ (ಐದು ವಾರದ ನಂತರ)

ತಡವಾಯಿತು. ಆಡಿಟ್ ಇತ್ತು.

ಐದು ಜನಕ್ಕೆ ಫೋನ್ ಮಾಡಿದೆ. ಒಬ್ಬರು ಎತ್ತಲೇ ಇಲ್ಲ. ಒಬ್ಬರಿಗೆ ಮೂರು ತಿಂಗಳು ಖಾಲಿ ಇಲ್ಲ. ಇನ್ನೊಬ್ಬರು ಪ್ರಶ್ನೆ ಕೇಳಿದ ತಕ್ಷಣ ತಮ್ಮ ಗುರುಗಳ ಬಗ್ಗೆ ಹೇಳೋಕೆ ಶುರು ಮಾಡಿದರು, ಹದಿನೈದು ನಿಮಿಷ. ನನ್ನ ಹೆಸರು ಕೂಡ ಕೇಳಲಿಲ್ಲ. ನಾಲ್ಕನೆಯವರು ನೋಂದಣಿ ನಂಬರ್ ಕೇಳಿದ್ದಕ್ಕೆ ಸ್ವಲ್ಪ ಮುನಿಸಿಕೊಂಡರು.

ಐದನೆಯವರು ಬೆಂಗಳೂರು. ವಿಡಿಯೊದಲ್ಲಿ ಮಾತಾಡುತ್ತಾರೆ. ಶಿವಮೊಗ್ಗ ಕಡೆಯ ಕನ್ನಡ. ನಂಬರ್ ಕೊಟ್ಟರು, ನೋಡಿದೆ, ಇದೆ. ಆಮೇಲೆ ಚೀಟಿಯ ಪ್ರಶ್ನೆ ಕೇಳಿದೆ. ಕೂತಾಗ ಪ್ಯಾನಿಕ್ ಆದರೆ ಏನು ಮಾಡುತ್ತೀರಿ? ಅವರು ಉತ್ತರ ಕೊಡಲಿಲ್ಲ, ತಿರುಗಿ ಕೇಳಿದರು. "ಆಗ ನೀವು ಯಾವುದರ ಮೇಲೆ ಗಮನ ಇಟ್ಟಿದ್ದಿರಿ?" ಇಷ್ಟು ದಿನದಲ್ಲಿ ನನ್ನನ್ನು ಹೀಗೆ ಕೇಳಿದವರು ಅವರೊಬ್ಬರೇ. ಉಸಿರು ಅಂದೆ. ಅಪ್ಪನ ವಿಷಯ ಎರಡು ಸಾಲು ಹೇಳಿದೆ. "ಹಾಗಾದರೆ ಉಸಿರನ್ನು ಸದ್ಯಕ್ಕೆ ಬಿಡೋಣ, ಅದರ ಪಾಡಿಗೆ ಅದು ಇರಲಿ" ಅಂದರು. ಅಷ್ಟಕ್ಕೇ ಭುಜ ಇಳಿಯಿತು.

ಅವರು ಬೌದ್ಧರಲ್ಲ. ಹನ್ನೆರಡು ವರ್ಷದಿಂದ ಕೂರುತ್ತಾರಂತೆ, ನಾನು ಕೇಳಿದ ಮೇಲೆ ಹೇಳಿದರು. ಮೊದಲ ಎರಡು ಸೆಷನ್‌ನಲ್ಲಿ ಧ್ಯಾನದ ಮಾತೇ ಬರಲಿಲ್ಲ. ನಿದ್ದೆ, ಊಟ, ಅಮ್ಮ ಈಗ ಯಾರ ಹತ್ತಿರ ಇದ್ದಾರೆ, ಅಪ್ಪ ಯಾವ ಹಾಡು ಗುನುಗುತ್ತಿದ್ದರು, ಇಂಥವೇ.

ಮೂರನೇ ಸಲ ನಾನೇ ಕೇಳಿದೆ, ಯಾವಾಗ ಕೂರಿಸುತ್ತೀರಿ ಅಂತ. ನಕ್ಕರು. ಕಣ್ಣು ತೆರೆದೇ ಇರಿ, ಪಾದ ನೆಲಕ್ಕೆ ಊರಿ ಅಂದರು. ನಮ್ಮದು ಹಳೇ ಮನೆ, ಕೆಂಪು ಗಾರೆ ನೆಲ. "ತಣ್ಣಗಿದೆಯಾ?" ಹೂಂ. "ಯಾವ ಪಾದ ಜಾಸ್ತಿ ತಣ್ಣಗಿದೆ?" ಇಂಥ ಪ್ರಶ್ನೆ ಯಾರಾದರೂ ಕೇಳುತ್ತಾರಾ! ನೋಡಿದೆ. ಎಡದ್ದು. ಬಲಪಾದದ ಹಿಮ್ಮಡಿ ಹತ್ತಿರ ನೆಲದಲ್ಲಿ ಒಂದು ಬಿರುಕಿದೆ, ಅಪ್ಪ ಸಿಮೆಂಟು ತುಂಬಿಸಿದ್ದು. ಅದು ಒರಟಾಗಿ ತಾಗಿತು. ಅರ್ಧ ನಿಮಿಷ ಆಗಿರಬೇಕು. "ಸಾಕು, ಇವತ್ತಿಗೆ ಇಷ್ಟೇ" ಅಂದರು. ನನಗೆ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು. ಹಾಗೆ ಅನಿಸುವಾಗಲೇ ನಿಲ್ಲಿಸಬೇಕಂತೆ.

ನಾಲ್ಕನೇ ಸಲ ಆ ಹನ್ನೊಂದರ ವಿಷಯ ಬಂತು. "ಹನ್ನೊಂದು ಎಣಿಸಿದ ಮೇಲೆ ಏನಾಗುತ್ತಿತ್ತು?" ಅಂತ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಏನಾಗುತ್ತೆ, ಅಪ್ಪ ಉಸಿರು ತಗೊಳ್ಳುತ್ತಿದ್ದರು. ನಾನು ಅವರ ಕೈ ಒತ್ತುತ್ತಿದ್ದೆ, ಅವರು ಹೆಬ್ಬೆರಳು ಆಡಿಸುತ್ತಿದ್ದರು. ಹೆಬ್ಬೆರಳಿನ ವಿಷಯ ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನನಗೇ ಮರೆತಿತ್ತು. ಅವತ್ತು ತುಂಬ ಹೊತ್ತು ಅತ್ತೆ. ಕನ್ನಡದಲ್ಲೇ.

ರಾತ್ರಿ ಎರಡಕ್ಕೆ ಈಗಲೂ ಎಚ್ಚರವಾಗುತ್ತೆ. ಎದ್ದು ಪಾದ ನೆಲಕ್ಕೆ ಇಡುತ್ತೇನೆ.

ಹಳೇ ಸಾಧಕ

ಓದಿದೆ ತಂಗಿ.

ಉಪ್ಪಿನಕಾಯಿ ಭರಣಿ

ಇಡ್ಲಿ ಚೆನ್ನಾಗಿರುವ ಹೋಟೆಲ್ ಸಿಕ್ಕಿತು ಅಂತಾಯಿತು. ನನಗೂ ವಿಳಾಸ ಬೇಕು. ಇಲ್ಲಿ ಬೇಡ, ಖಾಸಗಿ ಸಂದೇಶದಲ್ಲಿ ಕಳಿಸಿ. ಯಾಕೆ ಅಂತ ಕೇಳಬೇಡಿ.

ಗಿರ್ಮಿಟ್ ಹುಬ್ಬಳ್ಳಿ

ಅಕ್ಕಾರ, ಫೀಸು ಎಷ್ಟು ಅಂತ ಹೇಳಲೇ ಇಲ್ಲ ನೀವು.

ಕಾವೇರಿ ದಂಡೆ

ಮರೆತೆ. ಸೆಷನ್‌ಗೆ 1,500. ಮೊದಲು ವಾರಕ್ಕೊಮ್ಮೆ ಇತ್ತು, ನನಗೆ ಕಷ್ಟ ಅಂದೆ, ಈಗ ಹದಿನೈದು ದಿನಕ್ಕೊಮ್ಮೆ ಮಾಡಿದ್ದಾರೆ. ಕಡಿಮೆ ಮಾಡಿ ಅಂತ ಕೇಳೋಕೆ ಸಂಕೋಚಪಡಬೇಡಿ, ಕೆಲವರು ಒಪ್ಪುತ್ತಾರೆ. ನೀವು ಧಾರವಾಡಕ್ಕೆ ಹೋದಿರಾ?

ಗಿರ್ಮಿಟ್ ಹುಬ್ಬಳ್ಳಿ

ಹೋದ ಸೋಮವಾರ ಹೋಗಿದ್ದೆ. ಕ್ಯೂನಲ್ಲಿ ಮೂರು ತಾಸು. ಮುಂದಿನ ಸೋಮವಾರ ಮತ್ತೆ ಬಾ ಅಂದಿದ್ದಾರೆ. ಶಾಲೆಗೆ ರಜಾ ಚೀಟಿಯಲ್ಲಿ ಏನಂತ ಬರೆಯಲಿ ಅಂತ ಯೋಚನೆ ಮಾಡುತ್ತಿದ್ದೇನೆ. ಹೋದ ಸಲ ಹಲ್ಲುನೋವು ಅಂತ ಬರೆದಿದ್ದೆ.